ಟವೆಲಿನ ಮರೆಯ ವ್ಯಾಪಾರ

ನಾಲ್ಕು ಲಕ್ಷದ ನಲವತ್ತು ಸಾವಿರಕ್ಕಿಂತ ಒಂದು ರೂಪಾಯಿಯೂ ಇಳಿಯುವುದಿಲ್ಲ ಎಂದು ಈಶ್ವರಯ್ಯ ಖಡಾಖಂಡಿತವಾಗಿ ಹೇಳಿದಾಗ, ಹಳೇಕೋಟೆಯಿಂದ ಬಂದಿದ್ದ ಸಿದ್ದರಾಜು ಪೆಚ್ಚಾಗಿ ಅವನ ಮನೆ ಮುಂದೆ ಮಾರಾಟಕ್ಕೆ ನಿಂತಿದ್ದ ಕಾರಿನ ಕಡೆ ನೋಡಿದ. ಚನ್ನರಾಯಪಟ್ಟಣದ ತನ್ನ ಬಟ್ಟೆ ಅಂಗಡಿಯಲ್ಲಿ ‘ಒಂದೇ ದರ’ ಎಂದು ಬೋರ್ಡು ಹಾಕಿಕೊಂಡ ಮನುಷ್ಯನ ಹತ್ತಿರ ಇನ್ನೆಂಥ ಚೌಕಾಸಿ?

ಸಿದ್ದರಾಜುವಿನ ಹತ್ತಿರ ಇದ್ದದ್ದು ನಾಲ್ಕೇ ಲಕ್ಷ. ಆ ದುಡ್ಡಿಗೆ ಸಣ್ಣ ಕಾರುಗಳು ಬೇಕಾದಷ್ಟು ಸಿಗುತ್ತಿದ್ದವು. ಆದರೆ ಮಂಡಿ ಆಪರೇಷನ್ ಆಗಿದ್ದ ತಾಯಿ ಪಾಪಮ್ಮನಿಗೆ ತಗ್ಗಿನ ಸೀಟಿನಲ್ಲಿ ಕೂತರೆ ಏಳಲು ಆಗುತ್ತಿರಲಿಲ್ಲ. ಹಾಸನದ ಆಸ್ಪತ್ರೆ ಮುಂದೆ ಬಾಡಿಗೆ ಕಾರಿನಿಂದ ಇಳಿಯುವಾಗಲೆಲ್ಲ ಅತ್ತುಬಿಡುತ್ತಿದ್ದಳು. ಈ ಹಳೆಯ ಎಸ್‌ಯುವಿಯ ಸೀಟು ಅವಳಿಗೆಂದೇ ಅಳತೆ ತೆಗೆದು ಹಾಕಿಸಿದ ಹಾಗಿತ್ತು. ಇಂಜಿನ್ ಕಣ್ಣುಮುಚ್ಚಿ ನಂಬಬಹುದು ಎಂದು ಮೆಕ್ಯಾನಿಕ್ ಬೇರೆ ಹೇಳಿದ್ದ.

ಇನ್ನು ಹೊರಡೋಣವೆಂದು ತಿರುಗಿದರೆ, ಜೊತೆಗೆ ಬಂದಿದ್ದ ಅಪ್ಪ ಬೀರಲಿಂಗಯ್ಯ ಹೆಗಲ ಟವೆಲು ಕೊಡವಿಕೊಂಡು ಈಶ್ವರಯ್ಯನ ಮುಂದೆ ನಿಂತಿದ್ದ. ದನದ ವ್ಯಾಪಾರದಲ್ಲಿ ರೇಟು ಬಾಯಲ್ಲಿ ಹೇಳುವುದಿಲ್ಲ; ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಹೇಳುತ್ತಾರೆ. ಜೀವಮಾನವೆಲ್ಲ ಎತ್ತು ಕೊಂಡವನಿಗೆ ಕಾರು ಕೊಳ್ಳುವುದಕ್ಕೂ ಬೇರೆ ದಾರಿ ಗೊತ್ತಿರಲಿಲ್ಲ.

“ಕೈ ಇಂಗ್ ನೀಡಿ ಸಾವ್ಕಾರ್ರೇ.”

“ಅಪ್ಪಾ, ಇದು ದನ ಅಲ್ಲ ಕಣಪ್ಪಾ.” ಸಿದ್ದರಾಜುವಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಅಪ್ಪ ಕಿವಿಗೇ ಹಾಕಿಕೊಳ್ಳಲಿಲ್ಲ. ತಬ್ಬಿಬ್ಬಾದ ಈಶ್ವರಯ್ಯ ಕೈ ನೀಡಿದ. ಅದರ ಮೇಲೆ ಟವೆಲು ಬಿತ್ತು. ಅಪ್ಪ ಅವನ ನಾಲ್ಕು ಬೆರಳು ಸೇರಿಸಿ ಗಟ್ಟಿಯಾಗಿ ಅದುಮಿದ. ಮತ್ತೆ ಅದುಮಿದ, ಹಿಡಿದ ಕೈ ಬಿಡಲೇ ಇಲ್ಲ. ಈಶ್ವರಯ್ಯ ತಲೆ ತಗ್ಗಿಸಿ ಟವೆಲನ್ನೇ ನೋಡುತ್ತ ನಿಂತಿದ್ದ. ಕೊನೆಗೆ, ನಿಮ್ಮ ಹತ್ತಿರ ಎಷ್ಟಿದೆಯೋ ಅಷ್ಟೇ ಕೊಡಿ ಎಂದ. ಸಿದ್ದರಾಜು ಅಳುಕುತ್ತಲೇ ನಾಲ್ಕು ಎಂದ. ಆಗಲಿ ಎಂದ ಈಶ್ವರಯ್ಯ.

ಕಾಗದಪತ್ರವೆಲ್ಲ ಮುಗಿದು ಕಾರು ಹೊರಟಾಗ ಮುಂದಿನ ಸೀಟಿನಲ್ಲಿ ಬೀರಲಿಂಗಯ್ಯನನ್ನು ಹಿಡಿಯುವವರೇ ಇರಲಿಲ್ಲ.

“ನಾಕ್ ಬೆಳ್ಳು ಇಡ್ದೆ ನೋಡು, ಒಪ್ಕಂಡ. ವ್ಯಾಪಾರ ಅಂದ್ರೆ ಇಂಗೆ ಕಣ್ಲಾ.”

ಇತ್ತ ಗೇಟಿನ ಹತ್ತಿರ ಈಶ್ವರಯ್ಯನ ಹೆಂಡತಿ ರೇವಮ್ಮ ಗಂಡನನ್ನು ತರಾಟೆಗೆ ತೆಗೆದುಕೊಂಡಿದ್ದಳು. ತವರಿನವರು ಕೇಳಿದರೂ ಒಂದು ಸೀರೆಗೆ ಹತ್ತು ರೂಪಾಯಿ ಬಿಡದವರು ನಲವತ್ತು ಸಾವಿರ ಬಿಟ್ಟಿರಲ್ಲ, ಆ ಯಜಮಾನ ಬೆರಳಲ್ಲಿ ಅದೇನು ಹೇಳಿದ ಎಂದು ಕೇಳಿದಳು.

ಈಶ್ವರಯ್ಯ ತನ್ನ ಬಲಗೈಯನ್ನು ಇನ್ನೂ ಎಡಗೈಯಲ್ಲಿ ಹಿಡಿದುಕೊಂಡೇ ಇದ್ದ.

“ಬೆರಳ ಲೆಕ್ಕ ನಂಗೆಲ್ ಬತ್ತದೆ? ನಮ್ಮಪ್ಪ ಹೋದ್ಮೇಲೆ ಯಾರೂ ನನ್ ಕೈನ ಅಂಗೆ ಹಿಡ್ಕಂಡಿರ್ಲಿಲ್ಲ ಕಣೆ.”