ಗಟ್ಟಿ ಮಂಚ

ಸರ್ಕಾರಿ ಪ್ರಯೋಗಾಲಯದ ಪರೀಕ್ಷಕಿ ಸಂಜೆ ಕೆಲಸದಿಂದ ಮನೆಗೆ ಬಂದಾಗ, ಅತ್ತೆ ನಡುಮನೆಯಲ್ಲಿ ಹೊಚ್ಚ ಹೊಸ ಕಬ್ಬಿಣದ ಮಂಚದ ಮೇಲೆ ಮಹಾರಾಣಿಯ ಹಾಗೆ ಕಾಲು ಚಾಚಿ ಮಲಗಿದ್ದರು.

"ತಂದೋರು ನೀನೇ ಕಳಿಸಿದ್ದು ಅಂದ್ರು ಕಣೇ! ಎರಡು ಗಂಟೆ ಸೊಗಸಾಗಿ ನಿದ್ದೆ ಮಾಡ್ದೆ."

ಅವಳು ಮಂಚದ ಸುತ್ತ ಒಂದು ಸುತ್ತು ಬಂದಳು. ಮಂಚ ನೋಡಿದರೇ ಗೊತ್ತಾಗುತ್ತಿತ್ತು, ಮಂಚದ ಟೆಂಡರ್ ಹಾಕಿದ್ದ ಗುತ್ತಿಗೆದಾರನದು. ಸರ್ಕಾರಿ ಆಸ್ಪತ್ರೆಗಳಿಗೆ ಐನೂರು ಮಂಚ ಪೂರೈಸುತ್ತೇನೆಂದು ಅವನು ಕೊಟ್ಟಿದ್ದ ಮಾದರಿ, ಥೇಟ್ ಇದರ ಅವಳಿ, ನಿನ್ನೆ ಅವಳ ಪ್ರಯೋಗಾಲಯದಲ್ಲಿ ನೂರ ಎಂಬತ್ತು ಕಿಲೋ ಮರಳಿನ ಚೀಲ ಹೇರುವಷ್ಟರಲ್ಲೇ ಸೊಂಟ ಮುರಿದುಕೊಂಡಿತ್ತು. ತಡೆಯಬೇಕಾದದ್ದು ಇನ್ನೂರೈವತ್ತು. ವರದಿಗೆ ಅವಳ ಸಹಿಯೊಂದೇ ಬಾಕಿ.

"ಅತ್ತೆ, ಇದು ಲಂಚ. ಆಸ್ಪತ್ರೆಗಳಿಗೆ ಮುರುಕು ಮಂಚ ಹಾಕೋಕೆ ಹೊರಟಿರೋ ಗುತ್ತಿಗೆದಾರ ಕಳಿಸಿದ್ದು. ದೂರು ಕೊಟ್ರೆ ನಾನು ಕೊಟ್ಟೇ ಇಲ್ಲ ಅಂತಾನೆ. ಮನೇಲಿಟ್ಕೊಂಡು ಮಲಗಿದ್ರಲ್ಲ ಅಂತ ನನ್ನ ಕೆಲಸಕ್ಕೇ ಕುತ್ತು."

ಅತ್ತೆ ದಡಕ್ಕನೆ ಎದ್ದು ಕೂತರು. ಮಂಡಿನೋವು ಎಲ್ಲಿಗೆ ಹೋಯಿತೋ!

"ದೂರು ಕೊಡು. ಎರಡು ಗಂಟೆ ಮಲಗಿದ್ದೆ ಅಂತಲೂ ಬರಿ, ನಾನೂ ಸಹಿ ಹಾಕ್ತೀನಿ. ಹಸಿ ಬಾಣಂತಿ ಮಂಚ ಮುರಿದು ಬೀಳ್ಬೇಕೇನು? ಬೆಳಗಾದ್ರೆ ಈ ಅನಿಷ್ಟ ಹೊಸ್ತಿಲು ದಾಟ್ಬೇಕು, ಅಷ್ಟೇ."

ಮಾರನೆಯ ಬೆಳಿಗ್ಗೆ ಅವಳು ಮಂಚವನ್ನು ಗಾಡಿಗೆ ಹೇರಿಸಿಕೊಂಡು ಹೋಗಿ, ಅತ್ತೆ ಸೊಸೆ ಇಬ್ಬರೂ ಸಹಿ ಮಾಡಿದ ದೂರನ್ನು ಲಂಚದ ದೂರು ವಿಚಾರಿಸುವ ಜಾಗೃತಿ ಅಧಿಕಾರಿಯ ಕೈಗಿಟ್ಟಳು. ಅಧಿಕಾರಿ ಓದಿ, ಮಡಚಿ ಜೇಬಿಗಿಟ್ಟುಕೊಂಡರು.

"ಟೆಂಡರ್ ಸಭೆಗೆ ಮಂಚಾನೂ ತನ್ನಿ. ಮರಳಿನ ಚೀಲಾನೂ ಇರ್ಲಿ."

ಸಭೆಯಲ್ಲಿ ಗುತ್ತಿಗೆದಾರ ಕೈಮುಗಿದು ನಿಂತಿದ್ದ. "ಇನ್ನೂರೈವತ್ತು ಕಿಲೋ ತಡೆಯೋ ಮಂಚ ಯಾವ ಕಾರ್ಖಾನೇಲೂ ಆಗಲ್ಲ ಸಾರ್. ನಿಯಮ ಸ್ವಲ್ಪ ಸಡಿಲ ಮಾಡ್ಬೇಕು."

ಅಷ್ಟರಲ್ಲಿ ಮಂಚ ಒಳಗೆ ಬಂತು. ಗುತ್ತಿಗೆದಾರನ ಮುಖ ಬಿಳಿಚಿಕೊಂಡಿತು. ಪರೀಕ್ಷಕಿ ಚೀಲದ ಮೇಲೆ ಚೀಲ ಹೇರಿಸಿದಳು. ನೂರ ಎಂಬತ್ತು. ಇನ್ನೂರು. ಇನ್ನೂರೈವತ್ತು. ಜಪ್ಪಯ್ಯ ಅಂದರೂ ಮಂಚ ಬಗ್ಗಲಿಲ್ಲ.

"ಭೇಷ್!" ಅಧಿಕಾರಿ ಗುತ್ತಿಗೆದಾರನತ್ತ ತಿರುಗಿ ತಲೆದೂಗಿದರು. "ನೀವು ಹೇಳಿದ್ದು ಸರಿ ಬಿಡಿ, ಇದು ನಿಮ್ಮ ಕೈಲಾಗೋ ಕೆಲಸ ಅಲ್ಲ. ಯಾರೋ ಕಸುಬು ಗೊತ್ತಿರೋರು ಮಾಡಿದ್ದು."

ಗುತ್ತಿಗೆದಾರ ಮೂರು ತಲೆಮಾರಿನಿಂದ ಮಂಚ ಮಾಡಿದವರ ಮನೆಯವನು. ಎಲ್ಲ ತಡೆದುಕೊಂಡಾನು, ಇದನ್ನು ತಡೆದಾನೆಯೇ?

"ಯಾರೋ ಯಾಕೆ ಸಾರ್, ನಮ್ಮದೇ! ನಾನೇ ಮುಂದೆ ನಿಂತು ಸ್ಪೆಷಲ್ಲಾಗಿ ಮಾಡ್ಸಿ ಇವರ ಮನೆಗೆ..."

ನಾಲಿಗೆ ಕಚ್ಚಿಕೊಂಡ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಭೆಗೆ ಸಭೆಯೇ ಗೊಳ್ಳೆಂದು ನಕ್ಕಿತು. ಪರೀಕ್ಷಕಿಗಂತೂ ಅಲ್ಲೇ ಕುಣಿದುಬಿಡಬೇಕೆನ್ನುವಷ್ಟು ಖುಷಿ. ಮಾದರಿ ಮಂಚದ ವರದಿಯನ್ನು ಎಲ್ಲರೆದುರಿಗೇ ತೆಗೆದು, 'ತಿರಸ್ಕೃತ' ಎಂದು ಬರೆದು, ದೊಡ್ಡದಾಗಿ ಸಹಿ ಜಡಿದಳು.

ಅಧಿಕಾರಿ ಚೀಲಗಳನ್ನು ಇಳಿಸಲು ಹೇಳಿ, ಅದೇ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಗುತ್ತಿಗೆದಾರನನ್ನು ಕಪ್ಪುಪಟ್ಟಿಗೆ ಸೇರಿಸುವ ಕಾಗದ ಬರೆಯತೊಡಗಿದರು. ಮಂಚ ಕಿರ್ ಅನ್ನಲಿಲ್ಲ.