ಮೂರು ಸಲವೂ ಮೂಡದ ವೃಷಣ

ಇಲಿಯ ಗಂಡು ಭ್ರೂಣದಿಂದ ತೆಗೆದ ಎಳೆ ಅಂಗಾಂಶಕ್ಕೆ ಗ್ರೋತ್ ಫ್ಯಾಕ್ಟರ್ ಎಂಬ ಬೆಳವಣಿಗೆ ಪ್ರಚೋದಿಸುವ ದ್ರವ ಹನಿಸಿದರೆ ಬಟ್ಟಲಲ್ಲೇ ವೃಷಣ ಮೂಡಬೇಕಿತ್ತು. ಮೂರನೇ ಸಲವೂ ಮೂಡಲಿಲ್ಲ. ವಾರುಣಿಯ ಪಿಎಚ್.ಡಿ. ಡೋಲಾಯಮಾನವಾಗಿತ್ತು.

ಅವಳ ಗೈಡ್ ಕೆಂಡಾಮಂಡಲವಾದರು. "ಫ್ರೀಜರ್‌ನಿಂದ ಆಚೆ ಇಟ್ರೆ ಕೆಟ್ಟುಹೋಗೋ ದ್ರವ ಅದು. ಎಲ್ಲಾದ್ರೂ ಮರೆತು ಹೊರಗಿಟ್ಟೆಯೇನಮ್ಮಾ?"

"ಇಲ್ಲ ಸರ್. ನೀವು ಕೊಟ್ಟ ತಕ್ಷಣ ಐಸಲ್ಲಿಟ್ಟೆ."

"ಹಾಗಾದ್ರೆ ನಿನ್ನ ಕೈಗುಣವೇ ಸರಿಯಿಲ್ಲ. ನನ್ನ ಕಡೆಯಿಂದ ಒಂದಿಷ್ಟೂ ಲೋಪ ಆಗಿಲ್ಲ."

ವಾರುಣಿ ತಲೆ ತಗ್ಗಿಸಿ, ಕೈಯಲ್ಲಿದ್ದ ಆ ದ್ರವದ ಪುಟ್ಟ ಸೀಸೆಯನ್ನು ತಿರುಗಿಸಿ ನೋಡಿದಳು. "ಸರ್, ಮುಚ್ಚಳದ ಮೇಲೆ ಕುಂಕುಮ ಇದೆಯಲ್ಲ?"

ಅವರ ಮುಖ ಅರಳಿತು. "ಮತ್ತೆ? ನಾನೇನು ಬೇಜವಾಬ್ದಾರಿ ಮನುಷ್ಯನಾ? ಪ್ರತಿ ಸಲವೂ ಮನೆಗೆ ತಗೊಂಡ್ಹೋಗಿ, ಪೂಜೆ ಮಾಡ್ಸಿ, ಎರಡು ದಿನ ನಂದಾದೀಪದ ಪಕ್ಕದಲ್ಲೇ ಇಟ್ಟು ತಂದಿದ್ದೀನಿ!"