ಲೈಲಾಕ್‌ಗೆ ಹೊದಿಕೆ

"ಲೈಲಾಕ್ ಬೇಡ ಹೆಲ್ವೆ, ಅದು ನಮ್ಮ ಚಳಿ ತಡೆಯಲ್ಲ," ಎಂದುಬಿಟ್ಟ ಎಂಡೆಲ್.

ಗಿಡದ ಸಂತೆಯಲ್ಲಿ ಸುತ್ತಲಿದ್ದ ನಾಲ್ಕು ಜನ ತಿರುಗಿ ನೋಡಿದರು. ಬೇಲಿಬೇಲಿಗೂ ಲೈಲಾಕ್ ಹೂ ಬಿಡುವ ನಮ್ಮ ಎಸ್ಟೋನಿಯಾದಲ್ಲಿ ನಿಂತು ಆಡುವ ಮಾತೇ ಅದು! ಗಿಡ ಮಾರುವ ಮೈರೆ ಸೊಂಟದ ಮೇಲೆ ಕೈಯಿಟ್ಟಳು. "ಏನಜ್ಜಾ, ಬೆಳಿಗ್ಗೆನೇ ಏರಿಸ್ಕೊಂಡು ಬಂದ್ರಾ? ಮೈನಸ್ ಮೂವತ್ತೈದಾದ್ರೂ ಜಗ್ಗಲ್ಲ ಈ ಗಿಡ. ನೆಟ್ಟು ಮರೆತುಬಿಡಿ, ಸಾಕು."

ಆ ಮರೆಯುವುದೇ ಎಂಡೆಲ್‌ಗೆ ಬೇಡವಾಗಿತ್ತು. ಪಕ್ಕದ ಮನೆಯ ಹೆಲ್ವೆಯ ಕಿಟಕಿಯ ಕೆಳಗೆ ಹನ್ನೊಂದು ವರ್ಷದಿಂದ ಒಂದು ಗುಲಾಬಿ ಇತ್ತು. ಈ ಚಳಿಗಾಲದಲ್ಲಿ ಸತ್ತಿತ್ತು. ಪ್ರತಿ ಅಕ್ಟೋಬರ್‌ನಲ್ಲಿ ಎಂಡೆಲ್ ಸ್ಪ್ರೂಸ್ ಮರದ ಕೊಂಬೆ ಹೊತ್ತು ತಂದು ಹಿಮ ತಾಗದಂತೆ ಅದಕ್ಕೆ ಹೊದಿಸುತ್ತಿದ್ದ, ಏಪ್ರಿಲ್‌ನಲ್ಲಿ ತೆಗೆಯುತ್ತಿದ್ದ. ಎರಡು ಸಲವೂ ಹೆಲ್ವೆಯ ಕಾಫಿ, ಸೇಬಿನ ಕೇಕು, ಎರಡು ಗಂಟೆ ಹರಟೆ. ಹೆಂಡತಿ ತೀರಿಕೊಂಡ ಮೇಲೆ ಈ ಮಾಜಿ ಬಸ್ ಡ್ರೈವರ್ ಆ ಎರಡು ದಿನಕ್ಕಾಗಿಯೇ ವರ್ಷ ತಳ್ಳುತ್ತಿದ್ದ. ನಮ್ಮ ಕಡೆ ಕೆಲಸವಿಲ್ಲದೆ ಯಾರೂ ಪಕ್ಕದ ಮನೆ ಬಾಗಿಲು ತಟ್ಟುವುದಿಲ್ಲ.

"ಗುಲಾಬಿನೇ ತಗೊಳ್ಳಿ," ಎಂದ ಹಟ ಬಿಡದೆ.

"ನಿಮ್ಮ ಸೊಂಟಕ್ಕೆ ಆಗುತ್ತಾ?" ಎಂದಳು ಹೆಲ್ವೆ. " ಹೋದ ಸಲ ಬಗ್ಗಿದವರನ್ನ ನಾನೇ ಎತ್ತಿ ನಿಲ್ಲಿಸಬೇಕಾಯ್ತು."

"ಅದು ಕಾಲು ಜಾರಿದ್ದು!"

ಹೆಲ್ವೆ ಆಗಲೇ ಲೈಲಾಕ್‌ನ ಗೊಂಚಲಿಗೆ ಮೂಗು ತೂರಿಸಿ ಹುಡುಕುತ್ತಿದ್ದಳು. ಲೈಲಾಕ್ ಹೂವಿಗೆ ನಾಲ್ಕೇ ಎಸಳು; ಅಪರೂಪಕ್ಕೆ ಐದು ಎಸಳಿನದು ಸಿಕ್ಕಿದರೆ ಏನಾದರೂ ಬೇಡಿಕೊಂಡು ತಿನ್ನಬೇಕು ಅನ್ನುವುದು ನಮ್ಮ ಕಡೆಯ ನಂಬಿಕೆ. ಸಿಕ್ಕಿತು. ಎಪ್ಪತ್ತೆರಡರ ಹೆಂಗಸು ಕಣ್ಣು ಮುಚ್ಚಿ ಅದನ್ನು ಬಾಯಿಗೆ ಹಾಕಿಕೊಂಡಳು, ಮುಖವೆಲ್ಲ ನಗು. ಎಂಡೆಲ್‌ಗೆ ತನ್ನ ಸುಳ್ಳಿನ ಮೇಲೇ ಅಸಹ್ಯವಾಯಿತು.

"ಸುಳ್ಳು ಹೇಳಿದೆ ಹೆಲ್ವೆ. ಲೈಲಾಕ್‌ಗೆ ಏನೂ ಆಗಲ್ಲ. ಹೊದಿಸೋದೂ ಬೇಡ. ಅದನ್ನೇ ತಗೊಳ್ಳಿ."

"ಗೊತ್ತು. ನಮ್ಮಮ್ಮನ ಮನೆ ಬೇಲಿ ತುಂಬ ಇದೇ ಇತ್ತು," ಎಂದು ಅವಳು ಪರ್ಸ್ ತೆಗೆದಳು. ಎಂಡೆಲ್ ಲೈಲಾಕ್ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತ. ಅಕ್ಟೋಬರ್ ಇನ್ನು ಬರೀ ಕ್ಯಾಲೆಂಡರಿನಲ್ಲಿ ಬಂದು ಹೋಗುತ್ತದೆ ಅನ್ನಿಸಿ ಅವನಿಗೆ ಸಂಕಟವಾಯಿತು.

ಅಕ್ಟೋಬರ್ ಕೊನೆಯ ಶನಿವಾರ ಎಂಡೆಲ್‌ನ ಬಾಗಿಲು ಬಡಿದ ಸದ್ದು. ನೋಡಿದರೆ ಹೆಲ್ವೆ!

"ಏನ್ರೀ, ಇನ್ನೂ ಕೊಂಬೆ ಕಡಿದಿಲ್ವಾ? ಅಲ್ಲಿ ಕೇಕ್ ಆರಿ ಹೋಗ್ತಿದೆ."

"ಅಲ್ಲ... ಲೈಲಾಕ್‌ಗೆ ಹೊದಿಕೆ..."

"ತಗೊಂಡು ಬನ್ನಿ ಅಂದೆ."

ಎಂಡೆಲ್ ಹೆಲ್ವೆಯ ಕಿಟಕಿಯ ಕೆಳಗೆ ಮೊಣಕಾಲೂರಿ ಲೈಲಾಕ್‌ಗೆ ಮೂರನೆಯ ಸುತ್ತು ಕೊಂಬೆ ಹೊದಿಸುತ್ತಿದ್ದಾಗ ರಸ್ತೆಯಲ್ಲಿ ಮೈರೆಯ ಸೈಕಲ್ಲು ಗಕ್ಕನೆ ನಿಂತಿತು. "ಅಯ್ಯೋ ಅಜ್ಜಾ! ಇದಕ್ಕೆ ಚಳಿ ಆಗಲ್ಲ ಅಂತ ಅವತ್ತೇ ಬಡ್ಕೊಂಡ್ನಲ್ಲಾ!"

ಕಿಟಕಿ ತೆರೆಯಿತು. ಎರಡು ಕಾಫಿ ಕಪ್ಪು ಹಿಡಿದ ಹೆಲ್ವೆ ತಲೆ ಹೊರಗೆ ಹಾಕಿದಳು.

"ಚಳಿ ಗಿಡಕ್ಕೆ ಅಂತ ಯಾರಮ್ಮ ಹೇಳಿದ್ದು?"